ಅಮ್ಮ ಹೇಳಿಕೊಂಡ ನೂರೆಂಟು ನಮಸ್ಕಾರ

ಪುಂಜಾಲಕಟ್ಟೆಯಲ್ಲಿ ನನ್ನನ್ನು ತೋರಿಸಿ, "ಯೋಗ ಮಾಡಿ ಡಯಾಲಿಸಿಸ್‌ಗೆ ಹೋದ ಜನ ಇವರೇ" ಎಂದು ಹೇಳುವವರು ಈಗಲೂ ಇದ್ದಾರೆ. ಹೇಳಲಿ. ಬಸ್ ಕಂಡಕ್ಟರಿಗೆ ಬೈಗುಳ ಹೊಸದಲ್ಲ, ಗೇಲಿಯೂ ಹೊಸದಲ್ಲ. ಆದರೆ ಆ ಮಾತು ಕೇಳಿ ಯೋಗದ ಹೆಸರೆತ್ತಿದರೆ ಹೆದರುವವರು ಒಂದು ಕಡೆ, "ಅದೆಲ್ಲ ಸುಳ್ಳು ಮಾರಾಯ, ಯೋಗದಿಂದ ಯಾರಿಗೆ ಎಂತ ಆಗ್ತದೆ" ಎಂದು ಮೊದಲ ದಿನವೇ ಮೈ ಮುರಿದುಕೊಳ್ಳಲು ಹೊರಡುವವರು ಇನ್ನೊಂದು ಕಡೆ. ಇಬ್ಬರನ್ನು ಕಂಡರೂ ನನಗೆ ಸಿಟ್ಟು ಬರುತ್ತದೆ. ಬಂಟ್ವಾಳದಲ್ಲಿ ಸುಮನಾ ಟೀಚರ ಬೆಳಗ್ಗಿನ ಕ್ಲಾಸಿಗೆ ಹೊಸಬರು ಬಂದು, "ನಮಗೆ ಆ ಜೋರಿನ ಯೋಗವೇ ಬೇಕು, ಬೆವರು ಇಳಿಯಬೇಕು" ಎಂದರೆ ಟೀಚರು ಹಿಂದಿನ ಸಾಲಿನಲ್ಲಿ ಕುಳಿತ ನನ್ನ ಕಡೆ ಕೈ ತೋರಿಸುತ್ತಾರೆ. "ಮೊದಲು ಸದಣ್ಣನ ಹತ್ತಿರ ಮಾತಾಡಿ ಬನ್ನಿ." ಪ್ರತಿ ಸಲ ಮೊದಲಿನಿಂದ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಇದರಲ್ಲಿ ಯೋಗ ಸ್ವಲ್ಪ, ಹೆದರಿಕೆ ಜಾಸ್ತಿ.

ನಾನು ಬಿ.ಸಿ. ರೋಡಿನಿಂದ ಬೆಳ್ತಂಗಡಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ಬೆಳಗ್ಗೆಯಿಂದ ಸಂಜೆಯವರೆಗೆ ನಿಂತೇ ಇರುವ ಕೆಲಸ. ರಜೆಯ ದಿನ ಧರ್ಮಸ್ಥಳಕ್ಕೆ ಹೋಗುವವರು ತುಂಬಿಕೊಂಡರೆ ಫುಟ್‌ಬೋರ್ಡಿನಲ್ಲಿ ಒಂದು ಕೈಯಲ್ಲಿ ನೇತಾಡಿಕೊಂಡೇ ಟಿಕೆಟ್ ಕೊಡಬೇಕು. ಹಾಗಾಗಿ ನನ್ನ ಮೈಕಟ್ಟಿನ ಬಗ್ಗೆ ನನಗೆ ಅಹಂಕಾರವೇ ಇತ್ತು.

ಮದುವೆಯಾಗಿ ಬಹಳ ವರ್ಷ ನಮಗೆ ಮಕ್ಕಳಾಗಲಿಲ್ಲ. ನನ್ನ ಹೆಂಡತಿ ಶೈಲಾ ಎರಡು ಸಲ ಬಸುರಿಯಾದಳು, ಎರಡೂ ಉಳಿಯಲಿಲ್ಲ. ಮೂರನೆಯ ಸಲ ನಿಂತಾಗ ಅಮ್ಮ ಯಾರಿಗೂ ಹೇಳದೆ ದೇವಸ್ಥಾನಕ್ಕೆ ಹೋಗಿ ಹರಕೆ ಹೇಳಿಕೊಂಡು ಬಂದಿದ್ದಳು. ತಾಯಿ, ಮಗು ಎರಡು ಜೀವವೂ ಸುಖವಾಗಿ ಮನೆಗೆ ಬಂದರೆ ಬರುವ ರಥಸಪ್ತಮಿಯ ದಿನ ನನ್ನ ಮಗ ನಿನ್ನ ಅಂಗಳದಲ್ಲಿ ನೂರೆಂಟು ಸೂರ್ಯನಮಸ್ಕಾರ ಹಾಕುತ್ತಾನೆ ಎಂದು. ನಮ್ಮ ಕಡೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಹರಕೆ ಹೇಳುವವರು ಹಿರಿಯರು, ತೀರಿಸುವುದು ಮಕ್ಕಳ ಮೈ. ತಲೆ ಬೋಳಿಸುವುದಿರಲಿ, ಉರುಳುಸೇವೆ ಇರಲಿ, ನಿನಗೆ ಆಗ್ತದಾ ಎಂದು ಯಾರೂ ಮೊದಲು ಕೇಳುವುದಿಲ್ಲ.

ಮಗಳು ಹುಟ್ಟಿದಳು. ಗುಂಡು ಗುಂಡಾಗಿ, ಒಳ್ಳೆ ಗಂಟಲಿನ ಮಗಳು. ತೊಟ್ಟಿಲು ಹಾಕಿದ ಮರುದಿನ ಅಮ್ಮ ವಿಷಯ ಬಿಚ್ಚಿದಳು.

"ಎಂತದು? ನೂರೆಂಟಾ? ನನಗೆ ಒಂದೂ ಸರಿ ಬರುವುದಿಲ್ಲ ಅಮ್ಮ!"

"ಕಲಿ. ಮಗುವಿನ ಮುಖ ನೋಡಿ ಹೇಳು, ಅಷ್ಟು ಮಾಡ್ಲಿಕ್ಕೆ ಆಗುವುದಿಲ್ಲ ಅಂತ."

ಮಗುವಿನ ಮುಖ ನೋಡಿದೆ. ಮತ್ತೆಂತ ಹೇಳುವುದು?

ಹಾಗೆ ನಾನು ಸುಮನಾ ಟೀಚರ ಕ್ಲಾಸಿಗೆ ಹೋದೆ. ಸಣ್ಣ ದೇಹದ, ದೊಡ್ಡ ಗಂಟಲಿನ ಹೆಂಗಸು ಅವರು. ಉಸಿರಿಗೆ ಸರಿಯಾಗಿ ಒಂದು ಆಸನದಿಂದ ಇನ್ನೊಂದಕ್ಕೆ ನಿಲ್ಲದೆ ಹೋಗುವ ಯೋಗ ಅವರದ್ದು. ತಿಳಿದವರು ಅಷ್ಟಾಂಗ ವಿನ್ಯಾಸ ಎನ್ನುತ್ತಾರೆ, ಪೇಟೆಯ ಹುಡುಗರು ಪವರ್ ಯೋಗ ಎನ್ನುತ್ತಾರೆ. ಕಣ್ಣು ಮುಚ್ಚಿ ಕುಳಿತುಕೊಳ್ಳುವುದೇ ಯೋಗ ಎಂದು ತಿಳಿದಿದ್ದ ನನಗೆ ಮೊದಲ ದಿನ ಬಾಯಿ ಒಣಗಿಹೋಯಿತು. ಕೈ ಊರಿ, ಮೊಣಕೈ ಮಡಚಿ, ಮೈಯನ್ನು ಹಲಗೆಯ ಹಾಗೆ ನೆಲದ ಹತ್ತಿರ ಇಳಿಸಬೇಕು ಅಂದರು. ನಾನು ಗಲ್ಲ ಕುಟ್ಟಿಕೊಂಡು ಇಳಿದೆ. ಶವಾಸನವೊಂದು ಮಾತ್ರ ಮೊದಲ ದಿನವೇ ಸಿದ್ಧಿಸಿತು.

ಟೀಚರು ಹೊಸಬರಿಗೆಲ್ಲ ಹೇಳುತ್ತಿದ್ದದ್ದು ಇಷ್ಟು: "ಮಾಡುವಾಗ ಪಕ್ಕದವರ ಹತ್ತಿರ ಒಂದು ವಾಕ್ಯ ಮಾತಾಡ್ಲಿಕ್ಕೆ ಆಗ್ಬೇಕು. ಆಗದಿದ್ರೆ ನಿಲ್ಲಿಸಿ. ಕೈ ನಡುಗಿದ್ರೆ ಕೂತುಕೊಳ್ಳಿ. ನೀರು ಕುಡಿಯಿರಿ. ಇಲ್ಲಿ ಯಾರೂ ನಿಮಗೆ ಬಹುಮಾನ ಕೊಡುವುದಿಲ್ಲ." ಬಸ್ಸಿನ ಟ್ರಿಪ್ ತಪ್ಪಿಸಲಾಗದೆ ನಾನು ಕ್ಲಾಸಿಗೆ ಹೋದದ್ದೇ ಅಪರೂಪ. ರಥಸಪ್ತಮಿ ಹತ್ತಿರ ಬಂದಾಗ ಹರಕೆಯ ವಿಷಯ ಹೇಳಿದೆ. ಅವರು ತಲೆಗೆ ಕೈ ಇಟ್ಟುಕೊಂಡರು.

"ಈ ವರ್ಷ ಹನ್ನೆರಡು ಹಾಕಿ ಸದಣ್ಣ. ಬರುವ ವರ್ಷ ನೋಡುವ. ದೇವರು ಎಲ್ಲಿಗೂ ಓಡಿ ಹೋಗುವುದಿಲ್ಲ."

ಅದನ್ನು ಅಮ್ಮನ ಹತ್ತಿರ ಹೇಳಿದ್ದಕ್ಕೆ ಅಮ್ಮ ಕೇಳಿದಳು, "ದೇವರು ಮಗುವನ್ನು ಅರ್ಧ ಕೊಟ್ಟಿದ್ದಾ? ಹರಕೆಯನ್ನು ಕಂತಿನಲ್ಲಿ ಕೊಡ್ಲಿಕ್ಕೆ ಆಗ್ತದಾ?"

ಸಾಮೂಹಿಕ ಸೂರ್ಯನಮಸ್ಕಾರಕ್ಕೆ ಅಂದು ಅಂಗಳ ತುಂಬ ಜನ. ಹರಕೆಯವನೆಂದರೆ ಬೆಳಗ್ಗೆಯಿಂದ ಉಪವಾಸ, ಮುಗಿದು ಅರ್ಘ್ಯ ಕೊಡುವವರೆಗೆ ಒಂದು ತೊಟ್ಟು ನೀರೂ ಇಲ್ಲ. ಮಾಘದ ಬಿಸಿಲು ಏರುತ್ತಿತ್ತು. ಅರ್ಧಕ್ಕೆ ಬರುವಾಗ ಸುಮಾರು ಜನ ನೆರಳಿಗೆ ಹೋಗಿ ಕುಳಿತಿದ್ದರು. ನನ್ನ ತೋಳು ಆಗಲೇ ನಡುಗುತ್ತಿತ್ತು. ಟೀಚರ ಮಾತು ನೆನಪಿಗೆ ಬರಲಿಲ್ಲವೆಂದಲ್ಲ, ಚೆನ್ನಾಗಿಯೇ ಬಂತು. ಆದರೆ ಅಮ್ಮ ಮೊಮ್ಮಗಳನ್ನು ಎತ್ತಿಕೊಂಡು ಕಂಬದ ಪಕ್ಕ ನಿಂತಿದ್ದಳು. ನಿಲ್ಲಿಸಿದರೆ ಆ ಮಗುವಿಗೆ ಏನಾದರೂ ಆದೀತು ಎಂಬ ಹೆದರಿಕೆ ಇತ್ತು. ಓದಿದ್ದೇನೆ, ಊರು ನೋಡಿದ್ದೇನೆ, ಆದರೂ ಆ ಹೆದರಿಕೆ ಹೋಗಲಿಲ್ಲ. ಕೊನೆಯ ನಮಸ್ಕಾರಗಳನ್ನು ಹೇಗೆ ಹಾಕಿದೆನೋ ನನಗೆ ಗೊತ್ತಿಲ್ಲ. ಮುಗಿದಾಗ ಅಮ್ಮ ಅಳುತ್ತಿದ್ದಳು, ನಾನು ನಗುತ್ತಿದ್ದೆ. ಮಧ್ಯಾಹ್ನದ ಟ್ರಿಪ್ಪಿಗೂ ಹೋದೆ. ಮೇಲಿನ ರಾಡು ಹಿಡಿಯಲು ಕೈ ಎತ್ತಲಿಕ್ಕೇ ಆಗಲಿಲ್ಲ.

ಮರುದಿನ ಹಾಸಿಗೆಯಿಂದ ಏಳಲು ಶೈಲಾ ಬೇಕಾಯಿತು. ತೋಳು, ತೊಡೆ ಊದಿ ಬಿಗಿದುಕೊಂಡಿದ್ದವು. ಮೈ ನೋವು ಎಲ್ಲರಿಗೂ ಬರುತ್ತದಲ್ಲ ಎಂದು ಸುಮ್ಮನಿದ್ದೆ. ಬಚ್ಚಲಿಗೆ ಹೋದರೆ ಮೂತ್ರ ಹಾಲು ಹಾಕದ ಚಹಾದ ಬಣ್ಣದಲ್ಲಿತ್ತು. "ಉಷ್ಣ ಆದದ್ದು" ಎಂದಳು ಅಮ್ಮ. ಉಷ್ಣಕ್ಕೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮದ್ದು ಎಳನೀರು, ನಮ್ಮ ಬೊಂಡ. ಬಂದವರೆಲ್ಲ ಬೊಂಡ ಕೆತ್ತಿ ಕೊಟ್ಟರು, ನಾನು ಕುಡಿದೆ. ಬಣ್ಣ ಇನ್ನೂ ಕಪ್ಪಾಯಿತು.

ಆಗ ಅಮ್ಮನ ತಮ್ಮ, ರಾಮಣ್ಣ ಮಾಮ ಬಂದರು. ನಮ್ಮ ಮನೆಯಲ್ಲಿ ಮಾಮ ಹೇಳಿದರೆ ಮುಗಿಯಿತು. ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿ, "ಇದು ಕಾಮಾಲೆ. ಇಂಗ್ಲಿಷ್ ಮದ್ದು ಮುಟ್ಟಬಾರದು" ಎಂದರು. ಶೈಲಾ ಮಾತ್ರ ಹೇಳಿದಳು, "ಮಾಮ, ಒಮ್ಮೆ ರಕ್ತ ಪರೀಕ್ಷೆ ಮಾಡಿಸುವ." ಮಾಮ ಕೇಳಿಸಿಕೊಳ್ಳಲಿಲ್ಲ. ಬೆಳ್ತಂಗಡಿಯಿಂದಾಚೆ ಕಾಮಾಲೆಗೆ ಮದ್ದು ಕೊಡುವವರ ಮನೆಗೆ ಕಾರಿನಲ್ಲಿ ಕರೆದುಕೊಂಡು ಹೋದರು. ಅರೆದ ಸೊಪ್ಪನ್ನು ಮತ್ತೆ ಬೊಂಡದಲ್ಲೇ ಕದಡಿ ಕುಡಿಸಿದರು. ಉಪ್ಪಿಲ್ಲ, ಎಣ್ಣೆಯಿಲ್ಲ, ಗಂಜಿ ಮಾತ್ರ ಎಂದು ಪಥ್ಯ ಹೇಳಿದರು. ಆಮೇಲೆ ಮೂತ್ರದ ಕಪ್ಪು ಬಣ್ಣ ಹೋಯಿತು. ಹೋಗದೆ ಏನು, ಮೂತ್ರವೇ ಬರುವುದು ನಿಂತಿತ್ತು! ಮದ್ದು ಹಿಡಿಯಿತು ಎಂದು ನಾವು ಸಮಾಧಾನಪಟ್ಟೆವು.

ಮುಖ ಊದಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಆಮೇಲೆ ಶೈಲಾ ಯಾರನ್ನೂ ಕೇಳಲಿಲ್ಲ. ಮಗುವನ್ನು ಸೊಂಟದ ಮೇಲಿಟ್ಟುಕೊಂಡು, ನಮ್ಮ ಬಸ್ಸಿನ ಡ್ರೈವರಿಗೆ ಫೋನ್ ಮಾಡಿ ಕಾರು ತರಿಸಿ, ನನ್ನನ್ನು ಮೂಡುಬಿದಿರೆಯ ಆಸ್ಪತ್ರೆಗೆ ಸಾಗಿಸಿದಳು. "ಮಾಮನಿಗೆ ಒಂದು ಮಾತು" ಎಂದು ಅಮ್ಮ ಬಾಯಿ ತೆರೆದಾಗ, "ಮಾಮನಿಗೆ ಆಮೇಲೆ ಹೇಳುವ, ಈಗ ನೀವು ಕಾರು ಹತ್ತಿ ಅತ್ತೆ" ಎಂದಳು. ಆ ಧ್ವನಿ ನಾನು ಮೊದಲು ಕೇಳಿರಲಿಲ್ಲ.

ರಕ್ತದ ರಿಪೋರ್ಟ್ ಹಿಡಿದುಕೊಂಡು ಬಂದ ಡಾಕ್ಟರಮ್ಮ ಮೊದಲು ಕೇಳಿದ್ದು, "ನಿಮಗೆ ಯಾರಾದ್ರೂ ಹೊಡೆದಿದ್ದಾರಾ?"

"ಇಲ್ಲ."

"ಹೆದರಬೇಡಿ, ಹೇಳಿ. ಪೊಲೀಸರಾ? ಅಥವಾ ಮೈ ಮೇಲೆ ಗೋಡೆ ಎಂತಾದ್ರೂ ಬಿದ್ದದ್ದಾ?"

ಶೈಲಾಗೆ ರೇಗಿತು. "ಅವರು ದೇವಸ್ಥಾನದಲ್ಲಿ ಸೂರ್ಯನಮಸ್ಕಾರ ಹಾಕಿದ್ದು ಡಾಕ್ಟ್ರೇ, ಮತ್ತೆಂತ ಇಲ್ಲ."

"ಎಷ್ಟು?"

ಹೇಳಿದೆವು. ಡಾಕ್ಟರಮ್ಮ ರಿಪೋರ್ಟನ್ನು ಮತ್ತೊಮ್ಮೆ ನೋಡಿ ವಿವರಿಸಿದರು. ಅಭ್ಯಾಸವಿಲ್ಲದ ಮೈಯನ್ನು ನೀರಿಲ್ಲದೆ ಹಾಗೆ ದುಡಿಸಿದಾಗ ಜೋರು ಪೆಟ್ಟು ತಿಂದವರ ಹಾಗೆ ನನ್ನ ಮಾಂಸಖಂಡಗಳು ಒಡೆದು, ಆ ಕೊಳೆ ರಕ್ತಕ್ಕೆ ಸೇರಿ, ಎರಡೂ ಕಿಡ್ನಿಗಳು ಕಟ್ಟಿಕೊಂಡು ನಿಂತಿದ್ದವು. ಬೊಂಡದ ವಿಷಯ ಕೇಳಿದಾಗಲಂತೂ ಅವರು ಎದ್ದೇ ನಿಂತರು. ಕಿಡ್ನಿ ನಿಂತವನಿಗೆ ಬೊಂಡ ವಿಷವಂತೆ, ಅದರ ಪೊಟ್ಯಾಸಿಯಂ ಹೊರಗೆ ಹೋಗದೆ ಹೃದಯವನ್ನೇ ನಿಲ್ಲಿಸುತ್ತದಂತೆ. ನಮ್ಮೂರಿನ ಪ್ರೀತಿ ಪೂರಾ ಬೊಂಡದ ರೂಪದಲ್ಲಿ ನನ್ನ ಹೊಟ್ಟೆಗೆ ಹೋಗಿತ್ತು. ಕೂಡಲೇ ಕುತ್ತಿಗೆಗೆ ನಳಿಕೆ ಹಾಕಿ ಡಯಾಲಿಸಿಸ್ ಶುರು ಮಾಡಿದರು.

"ಕಿಡ್ನಿ ಮತ್ತೆ ತೆರೀತದಾ?" ಎಂದು ಶೈಲಾ ಕೇಳಿದಳು.

"ಸಾಮಾನ್ಯವಾಗಿ ತೆರೀತದೆ. ಕೆಲವರಿಗೆ ತೆರೆಯುವುದಿಲ್ಲ. ನೀವು ತಡ ಮಾಡಿ ಬಂದಿದ್ದೀರಿ. ಕಾಯುವ."

ಆ "ಕಾಯುವ" ಎಂಬ ಮಾತಿನಲ್ಲೇ ಮುಂದಿನ ವಾರಗಳೆಲ್ಲ ಕಳೆದವು. ಜೀವ ಉಳಿದ ಮೇಲೆ ಮನೆಗೆ ಕಳಿಸಿದರು. ವಾರದಲ್ಲಿ ಮೂರು ದಿನ ಮೂಡುಬಿದಿರೆಗೆ ಹೋಗಿ ಯಂತ್ರಕ್ಕೆ ಮೈ ಒಡ್ಡಿ ಬರಬೇಕು. ಕುಡಿಯುವ ನೀರಿಗೆ ಲೆಕ್ಕ. ಬಾಯಾರಿಕೆ ಎಂದರೆ ಏನೆಂದು ನನಗೆ ಆಗ ತಿಳಿಯಿತು. ಮಗುವನ್ನು ಮೀಯಿಸುವಾಗ ಬಚ್ಚಲಿನಿಂದ ನೀರಿನ ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಮೂತ್ರ ಅಳೆಯಲು ಆಸ್ಪತ್ರೆಯವರು ಕೊಟ್ಟಿದ್ದ ಕ್ಯಾನು ಬಚ್ಚಲಿನ ಮೂಲೆಯಲ್ಲಿ ಒಣಗಿಕೊಂಡು ಕುಳಿತಿತ್ತು. ದಿನಾ ಬೆಳಗ್ಗೆ ಅದನ್ನು ಹಿಡಿದು ನಿಲ್ಲುತ್ತಿದ್ದೆ, ಏನೂ ಬರುತ್ತಿರಲಿಲ್ಲ. ಹೊರಗೆ ಅಮ್ಮ, ಶೈಲಾ ಇಬ್ಬರೂ ಕಾದು ನಿಂತಿರುತ್ತಿದ್ದರು. ನಾನು ಬಾಗಿಲು ತೆರೆದು ತಲೆ ಅಲ್ಲಾಡಿಸಿದರೆ ಇಬ್ಬರೂ ಏನೋ ಕೆಲಸವಿದ್ದವರಂತೆ ಬೇರೆ ಬೇರೆ ಕಡೆ ಹೋಗುತ್ತಿದ್ದರು.

ಡಯಾಲಿಸಿಸ್ ಕೋಣೆಯಲ್ಲಿ ನನ್ನ ಪಕ್ಕದ ಮಂಚದಲ್ಲಿ ಲಿಲ್ಲಿ ಬಾಯಮ್ಮ ಎಂಬವರು ಮಲಗುತ್ತಿದ್ದರು. ವರ್ಷಗಳಿಂದ ಬರುತ್ತಿದ್ದ ಹೆಂಗಸು. ನನಗೆ ಬದುಕುವ ಉಪಾಯ ಹೇಳಿಕೊಟ್ಟವರು ಅವರೇ. "ನೀರು ಕುಡಿಯಬೇಡಿ, ಐಸಿನ ತುಂಡು ಬಾಯಲ್ಲಿ ಇಟ್ಟುಕೊಳ್ಳಿ. ಜಗಿಯಬಾರದು, ಕಾಯಬೇಕು." ಒಂದು ದಿನ ನಾನು ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದೆ. ಅವರು ನೋಡಿ ನನ್ನ ಕಡೆ ಹೊರಳಿದರು. ಆಮೇಲೆ ಹೇಳಿದರು, "ನಿಮ್ಮದು ತೆರೆದುಕೊಂಡ್ರೆ ನನಗೆ ಹೊಟ್ಟೆಕಿಚ್ಚು ಆಗ್ತದೆ ಸದಣ್ಣ, ಸುಳ್ಳು ಯಾಕೆ ಹೇಳುವುದು. ಆದ್ರೂ ದಿನಾ ನಿಮ್ಮ ಹೆಸರು ಹೇಳಿ ಪ್ರಾರ್ಥನೆ ಮಾಡ್ತೇನೆ." ಅಷ್ಟು ನೇರವಾಗಿ ಯಾರೂ ನನ್ನ ಹತ್ತಿರ ಮಾತಾಡಿರಲಿಲ್ಲ. ಅಂದು ಮನಸ್ಸು ಸ್ವಲ್ಪ ಹಗುರವಾಯಿತು.

ಸುಮನಾ ಟೀಚರು ಮನೆಗೆ ಬಂದಿದ್ದರು. ನನ್ನ ಕುತ್ತಿಗೆಯ ನಳಿಕೆ ನೋಡಿ ಅವರ ದೊಡ್ಡ ಗಂಟಲು ಉಡುಗಿಹೋಯಿತು. "ನಾನು ಇನ್ನೂ ಜೋರು ಮಾಡಿ ಹೇಳಬೇಕಿತ್ತು" ಎಂದು ಎರಡು ಮೂರು ಸಲ ಹೇಳಿದರು. ನನಗೆ ಅವರನ್ನು ಸಮಾಧಾನ ಮಾಡುವ ತ್ರಾಣವೂ ಇರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಇನ್ನು ಬಸ್ ಹತ್ತಲು ಆಗದಿದ್ದರೆ? ಮಗಳು ನಡೆಯುವಾಗ ನಾನು ಇರುತ್ತೇನಾ? ಅಷ್ಟು ವರ್ಷ ಕಾದು ಪಡೆದ ಮಗುವಿಗೆ ಅಪ್ಪನನ್ನು ಫೋಟೋದಲ್ಲಿ ತೋರಿಸಬೇಕಾದೀತಾ? ಶೈಲಾ ನನ್ನ ಹತ್ತಿರ ಹೇಳದೆ ಡಾಕ್ಟರಮ್ಮನಲ್ಲಿ ತನ್ನ ಕಿಡ್ನಿ ಆಗ್ತದಾ ಎಂದು ವಿಚಾರಿಸಿ ಬಂದಿದ್ದಳು. ಮೊಲೆ ಕುಡಿಸುವ ಹೆಂಗಸು! "ಇನ್ನೂ ಆ ಮಾತು ಬೇಡ" ಎಂದು ಕಳಿಸಿದರಂತೆ.

ಈ ನಡುವೆ ರಾಮಣ್ಣ ಮಾಮ ಜ್ಯೋತಿಷಿಗಳಲ್ಲಿ ಪ್ರಶ್ನೆ ಕೇಳಿ ಬಂದರು. ಕಾಮಾಲೆಯ ಮಾತು ಈಗ ಅವರ ಬಾಯಲ್ಲಿ ಇರಲಿಲ್ಲ. "ಹರಕೆ ಸಂದಿಲ್ಲ ಅಂತ ಕಂಡುಬಂದಿದೆ. ಲೆಕ್ಕದಲ್ಲಿ ಕೊರತೆ ಉಂಟಂತೆ. ಅದಕ್ಕೇ ಮೂತ್ರ ಕಟ್ಟಿದ್ದು. ಅವನಿಗೆ ಆಗದಿದ್ರೆ ಮನೆಯವರು ಯಾರಾದ್ರೂ ಪೂರ್ತಿ ಮಾಡಬೇಕು."

"ಪೂರ್ತಿ ಮಾಡಿದ್ದಕ್ಕೇ ಹೀಗಾದದ್ದು ಮಾಮ" ಎಂದಳು ಶೈಲಾ. ಅಮ್ಮ ಏನೂ ಹೇಳಲಿಲ್ಲ. ಅವಳು ಸುಮ್ಮನಿದ್ದದ್ದು ನೋಡಿಯೇ ನನಗೆ ಹೆದರಿಕೆ ಆಗಬೇಕಿತ್ತು, ಆಗಲಿಲ್ಲ.

ಮುಂದಿನ ಸಲ ಡಯಾಲಿಸಿಸ್ ಮುಗಿಸಿ ನನ್ನನ್ನು ಗಾಲಿಕುರ್ಚಿಯಲ್ಲಿ ಹೊರಗೆ ತರುತ್ತಿದ್ದರು. ಕೋಣೆಯ ಹಿಂದಿನ ವರಾಂಡದಲ್ಲಿ ಬಿಸಿಲು ಬೀಳುವ ಜಾಗದಲ್ಲಿ ಜನ ನೆರೆದಿದ್ದರು. ನಡುವೆ ಅಮ್ಮ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೂರ್ಯನ ಕಡೆ ಮುಖ ಮಾಡಿ ಕೈ ಮುಗಿದು, ಬಾಗಿ, ಮಂಡಿ ಊರಿ, ನೆಲಕ್ಕೆ ಹಣೆ ಹಚ್ಚಿ, ಗೋಡೆ ಹಿಡಿದು ಏಳುತ್ತಿದ್ದಳು. ಮಂಡಿನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾರದ ನನ್ನ ಅಮ್ಮ. ಮುಖ ಕೆಂಪೇರಿ, ತುಟಿ ಒಣಗಿತ್ತು. ಶೈಲಾ ಮಗುವನ್ನು ಎತ್ತಿಕೊಂಡು, "ಸಾಕು ಅತ್ತೆ, ನಿಮ್ಮ ಕಾಲು ಹಿಡೀತೇನೆ, ಸಾಕು" ಎಂದು ಅಳುತ್ತಿದ್ದಳು.

"ಅಮ್ಮ, ಏಳು!" ಎಂದೆ.

"ಇನ್ನು ಸ್ವಲ್ಪ ಉಂಟು ಮಗ."

"ನೀರು ಕುಡಿದಿದ್ದೀಯಾ?"

ಮತ್ತೆ ಬಾಗಿದಳು. ನಾನು ಕುರ್ಚಿಯಿಂದ ಇಳಿಯಲು ಹೋಗಿ ನೆಲಕ್ಕೆ ಕುಸಿದೆ. ಕುಳಿತಲ್ಲಿಂದಲೇ ಅವಳ ಎರಡೂ ಕೈ ಹಿಡಿದುಕೊಂಡೆ. ನನಗೆ ಸಿಟ್ಟು ಬಂತೋ ಅಳು ಬಂತೋ ತಿಳಿಯದು. ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಹೇಳಿಕೊಂಡದ್ದು ನೀನು, ಹಾಕಿದ್ದು ನಾನು. ನನ್ನನ್ನು ಮಲಗಿಸಿದ್ದು ಸಾಕಾಗಲಿಲ್ವಾ ನಿನಗೆ? ಈಗ ನೀನೂ ಮಲಗಿದ್ರೆ ನನ್ನ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುವವರು ಯಾರು? ಆ ದೇವರು ಬಂದು ಮೀಯಿಸ್ತಾನಾ?"

ಅಮ್ಮನ ಕೈ ನನ್ನ ಕೈಯಲ್ಲಿ ಸಡಿಲವಾಯಿತು. ನನ್ನನ್ನೇ ನೋಡಿದಳು. ಅಷ್ಟು ಮುದುಕಿಯಾಗಿ ಅವಳು ನನಗೆ ಎಂದೂ ಕಂಡಿರಲಿಲ್ಲ. ಯಾರೋ ನೀರು ತಂದುಕೊಟ್ಟರು, ಕುಡಿದಳು. ನರ್ಸ್ ಅವಳನ್ನು ಒಳಗೆ ಕರೆದುಕೊಂಡು ಹೋಗಿ ರಕ್ತ ತೆಗೆದು ಪರೀಕ್ಷೆ ಮಾಡಿಸಿದರು, ಪುಣ್ಯಕ್ಕೆ ಏನೂ ಆಗಿರಲಿಲ್ಲ.

ಆ ದಿನದ ನಂತರ ಅಮ್ಮ ಮನೆಯಲ್ಲಿದ್ದೂ ಇಲ್ಲದವಳ ಹಾಗಾದಳು. ಮಗುವನ್ನು ಮೀಯಿಸುವಳು, ನನಗೆ ಉಪ್ಪಿಲ್ಲದ ಗಂಜಿ ಬಡಿಸುವಳು, ದೇವರ ಕೋಣೆಯಲ್ಲಿ ದೀಪ ಹಚ್ಚಿ ಅಲ್ಲೇ ಸುಮ್ಮನೆ ಕುಳಿತಿರುವಳು. ರಾಮಣ್ಣ ಮಾಮ ಬಂದು ಹರಕೆಯ ಮಾತು ತೆಗೆದಾಗ, "ಇನ್ನು ಆ ಮಾತು ಈ ಮನೆಯಲ್ಲಿ ಬೇಡ ತಮ್ಮ" ಎಂದಳು. ಮಾಮ ಚಹಾ ಕುಡಿಯದೆ ಎದ್ದುಹೋದರು. ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ, ನಾಲಿಗೆ ಏಳುತ್ತಿರಲಿಲ್ಲ. ದಿನ ಹೋದ ಹಾಗೆ ನನಗೆ ಆಸೆಯೂ ಬತ್ತುತ್ತಾ ಬಂತು. ಡಾಕ್ಟರಮ್ಮ ಈಗ "ಕಾಯುವ" ಎನ್ನುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಕಾಯಂ ಡಯಾಲಿಸಿಸ್‌ಗೆ ಬೇಕಾದ ಕೈಯ ಆಪರೇಷನ್ನಿನ ಮಾತೂ ಒಮ್ಮೆ ಬಂತು. ಅಂದು ಮನೆಗೆ ಬಂದು ಮಗಳನ್ನು ಎತ್ತಿಕೊಳ್ಳಲೂ ಮನಸ್ಸಾಗಲಿಲ್ಲ.

ಆಮೇಲಿನ ಒಂದು ಬೆಳಗ್ಗೆ, ಅಭ್ಯಾಸಬಲದಿಂದ ಕ್ಯಾನು ಹಿಡಿದು ನಿಂತೆ. ಉರಿಯಿತು. ಮೊದಲು ಒಂದೆರಡು ಹನಿ. ಕನಸೋ ಎಂದುಕೊಂಡೆ. ಆಮೇಲೆ ಸಣ್ಣ ಧಾರೆ, ತಳ ಮುಚ್ಚುವಷ್ಟು. ತಿಳಿ ಹಳದಿ. ಬಾಗಿಲು ತೆರೆದರೆ ಹೊರಗೆ ಅಮ್ಮ ಒಬ್ಬಳೇ ನಿಂತಿದ್ದಳು, ಶೈಲಾ ಒಳಗೆ ಮಗುವಿಗೆ ಹಾಲು ಕುಡಿಸುತ್ತಿದ್ದಳು. ನಾನು ಮಾತಾಡಲಾರದೆ ಕ್ಯಾನನ್ನು ಮುಂದಕ್ಕೆ ಚಾಚಿದೆ. ಅಮ್ಮ ಬಗ್ಗಿ ನೋಡಿದಳು. ಮತ್ತೊಮ್ಮೆ ನೋಡಿದಳು. ಬಚ್ಚಲಿನ ಬಾಗಿಲಲ್ಲಿ, ಆ ಕ್ಯಾನಿಗೆ ಕೈ ಮುಗಿದಳು.

ನನಗೆ ಒಮ್ಮೆಲೇ ಹಳೆಯ ಹೆದರಿಕೆ ಬಂತು. "ಅಮ್ಮ, ಈಗಲೇ ಹೇಳಿಬಿಡು. ಯಾವ ದೇವರಿಗೆ ಎಂತ ಹೇಳಿಕೊಂಡಿದ್ದಿ?"

"ಇಲ್ಲ ಮಗ" ಎಂದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಈ ಸಲ ಎಂತದೂ ಕೊಡ್ತೇನೆ ಅಂತ ಹೇಳಲಿಲ್ಲ. ಹೇಳ್ಲಿಕ್ಕೆ ಹೆದರಿಕೆ ಆಯ್ತು. ಬರಿಗೈಯಲ್ಲಿ ಕೇಳಿದ್ದು. ನನ್ನ ಮಗನನ್ನು ಬಿಟ್ಟುಬಿಡು ಅಂತ, ಅಷ್ಟೇ."

ನಾನು ಏನಾದರೂ ಹೇಳುವ ಮೊದಲೇ ಕ್ಯಾನನ್ನು ನನ್ನ ಕೈಯಿಂದ ತೆಗೆದುಕೊಂಡು, ಒಂದು ಹನಿಯೂ ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಸೊಸೆಗೆ ತೋರಿಸಲು ಒಳಗೆ ಹೋದಳು.